ಅಳುವ ಕಂಬದ ಮೌಲಪ್ಪ

ಯಾವ ಕಾಲ ಅಂತ ಮಾತ್ರ ಕೇಳಬೇಡಿ, ಅದು ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಬಹಳ ಹಿಂದೆ, ಎರೆಹೊಲಗಳ ನಡುವೆ ಒಂದು ಕಲ್ಲುಗುಡ್ಡ ಇತ್ತು. ಗುಡ್ಡದ ಬುಡದಲ್ಲಿ ಒಂದು ಊರಿತ್ತು. ಊರಿನ ಹೆಸರು ಹೊನ್ನಗುಂಡಿ. ಅದೇ ನಮ್ಮೂರು. ಮೇಲೆ ನೋಡಿದರೆ ಜೋಳ, ಕುಸುಬಿ. ಕೆಳಗೆ ನೋಡಿದರೆ ಬಂಗಾರ. ಇಂಥ ಊರು ಇನ್ನೊಂದಿದ್ದರೆ ತೋರಿಸಿ, ನಾನು ಮೀಸೆ ತೆಗೆಸುತ್ತೇನೆ.

ಮೊದಲು ಇಲ್ಲಿ ಅಗೆದವರ ಹೆಸರು ಯಾರಿಗೂ ನೆನಪಿಲ್ಲ. ಅವರು ಬಂಡೆಗೆ ಬೆಂಕಿ ಹಾಕಿ ಕಾಯಿಸುತ್ತಿದ್ದರಂತೆ, ಕೆಂಪಗೆ ಕಾದ ಬಂಡೆಗೆ ನೀರು ಸುರಿಯುತ್ತಿದ್ದರಂತೆ, ಬಂಡೆ ಬಿರುಕು ಬಿಟ್ಟಾಗ ಉಳಿ ಹಾಕಿ ಉಡ ನುಗ್ಗುವಷ್ಟು ದಾರಿ ಮಾಡಿಕೊಂಡು ಒಳಗೆ ಹೋಗುತ್ತಿದ್ದರಂತೆ. ಆಮೇಲೆ ಅವರೂ ಹೋದರು, ಆ ಬಿಲಗಳಲ್ಲಿ ಮುಳ್ಳುಹಂದಿ ಸೇರಿಕೊಂಡವು. ಎಷ್ಟೋ ತಲೆಮಾರು ಕಳೆದ ಮೇಲೆ ಬಿಳಿ ದೊರೆಗಳು ಬಂದರು. ಗುಡ್ಡದ ನೆತ್ತಿಗೆ ಚಿಮಣಿ ನಿಲ್ಲಿಸಿದರು. ನೆಟ್ಟಗೆ ಕೆಳಗೆ ಒಂದು ಬಾವಿ ಕೊರೆದರು. ನೀರಿನ ಬಾವಿ ಅಲ್ಲ, ಮಂದಿ ಇಳಿಯುವ ಬಾವಿ. ಅದರೊಳಗೆ ಕಬ್ಬಿಣದ ಪಂಜರ ಬಿಟ್ಟರು, ಅದಕ್ಕೆ ಕೇಜು ಅಂತ ಹೆಸರು. ಕೇಜಿನಲ್ಲಿ ನಿಂತು ಇಳಿದರೆ ಒಂದನೇ ಮಟ್ಟ, ಎರಡನೇ ಮಟ್ಟ ಅಂತ ಒಂಬತ್ತು ಮಟ್ಟ. ತಲೆಕೆಳಗಾಗಿ ಕಟ್ಟಿದ ಒಂಬತ್ತು ಅಂತಸ್ತಿನ ಮನೆ ಅಂದುಕೊಳ್ಳಿ. ಬೇರೆ ಊರಿನವರು ಮನೆ ಮೇಲಕ್ಕೆ ಕಟ್ಟುತ್ತಾರೆ, ಅದರಲ್ಲೇನಿದೆ?

ಆ ಮನೆಗೆ ಕಂಬ ನಿಲ್ಲಿಸಿದವನು ಮೌಲಪ್ಪ.

ಮೌಲಪ್ಪ ಹುಟ್ಟಿನಿಂದ ಗಾಡಿ ಬಡಿಗ. ಅವನ ಗಾಡಿ ಓಡಿದರೆ ಸದ್ದೇ ಇಲ್ಲ, ಎತ್ತಿನ ಉಸಿರು ಮಾತ್ರ ಕೇಳುತ್ತಿತ್ತು ಅಂತಾರೆ. ಅವನ ಕಿವಿ ಅಂಥದ್ದು. ಮನೆಯ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಲೇ, ಹಳ್ಳದಾಚೆ ಹೋಗುವ ಗಾಡಿಯ ಎಡಗಾಲಿಗೆ ಎಣ್ಣೆ ಬೇಕು ಅಂತ ಹೇಳುತ್ತಿದ್ದ ಅಂತಾರೆ. ಹೆಂಗಸರು ಸಂತೆಯಿಂದ ಗಡಿಗೆ ತಂದರೆ ಮೊದಲು ಅವನ ಹತ್ತಿರ ಒಯ್ಯುತ್ತಿದ್ದರು. ಬೆರಳಿನಿಂದ ಒಂದೇ ಸಲ ಬಡಿದು, "ಇದು ದೀಪಾವಳಿ ಕಾಣತೈತಿ, ಉಗಾದಿ ಕಾಣಂಗಿಲ್ಲ" ಅನ್ನುತ್ತಿದ್ದ. ಹಾಗೇ ಆಗುತ್ತಿತ್ತು ಅಂತಾರೆ. ಪಕ್ಕದ ಊರಿನವರು ಇದನ್ನು ನಂಬುವುದಿಲ್ಲ. ಪಕ್ಕದ ಊರಿನಲ್ಲಿ ಒಳ್ಳೆಯ ಗಡಿಗೆಯೂ ಇಲ್ಲ, ಒಳ್ಳೆಯ ಕಿವಿಯೂ ಇಲ್ಲ.

ದೊರೆಗೆ ಗಣಿಯೊಳಗೆ ಕಂಬ ನಿಲ್ಲಿಸುವವನು ಬೇಕಾಗಿತ್ತು. ಬಂಗಾರದ ಕಲ್ಲು ತೆಗೆದ ಜಾಗ ಟೊಳ್ಳಾಗುತ್ತದೆ, ಟೊಳ್ಳಾದ ಜಾಗದ ಮೇಲೆ ಇಡೀ ಗುಡ್ಡ ಕೂತಿರುತ್ತದೆ. ಅದನ್ನು ಕಂಬ ತಡೆಯಬೇಕು. ಮೌಲಪ್ಪನನ್ನು ಕರೆಸಿದರು. ಅವನು ಇಳಿದ, ಎಲ್ಲ ಮಟ್ಟ ತಿರುಗಿದ, ದೊರೆ ನಿಲ್ಲಿಸಿದ ಕಂಬಗಳನ್ನು ಬಡಿದು ನೋಡಿದ. ಎಲ್ಲವೂ ಜಾಲಿ. ಗಟ್ಟಿ ಅಂದರೆ ಗಟ್ಟಿ, ಕೊಡಲಿ ಹಾಕಿದರೆ ಕೊಡಲಿಯೇ ಬೇಸರ ಮಾಡಿಕೊಳ್ಳುವಂಥ ಜಾಲಿ. ಮೌಲಪ್ಪ ಮೇಲೆ ಬಂದು, "ಇವು ಮೂಗ ಕಂಬ ಅದಾವ್ರಿ. ನಡುನಡುವೆ ಬೇವು ಹಾಕೋಣ" ಅಂದನಂತೆ.

ದೊರೆ ನಕ್ಕನಂತೆ. ಬೇವು ಜಾಲಿಗಿಂತ ಮೆತ್ತಗೆ, ಅದು ಅವನ ಪುಸ್ತಕದಲ್ಲೂ ಇತ್ತು.

ಮೌಲಪ್ಪ ಮಾತು ಬೆಳೆಸಲಿಲ್ಲ. ಗಣಿ ಆಫೀಸಿನ ಅಂಗಳದಲ್ಲಿ ಒಂದು ಜಾಲಿ ಕಂಬ, ಒಂದು ಬೇವಿನ ಕಂಬ ನಿಲ್ಲಿಸಿದ. ಎರಡರ ತಲೆಗೂ ಜಾಲಿಯ ಬೆಣೆ ಬಡಿದ, ಬೆಣೆಯ ಮೇಲೆ ಹಲಗೆ ಇಟ್ಟ, ಹಲಗೆಯ ಮೇಲೆ ಕಲ್ಲು ಹೇರುತ್ತಾ ಹೋದ. ಊರೆಲ್ಲ ನೆರೆಯಿತು. ಹತ್ತು ಕಲ್ಲಿಗೆ ಎರಡೂ ಸುಮ್ಮನಿದ್ದವು. ಇಪ್ಪತ್ತಕ್ಕೆ ಬೇವು "ಕಿರ್ರ್" ಅಂದಿತು. ಬೇವಿನ ತಲೆ ಸ್ವಲ್ಪ ಕುಗ್ಗಿ, ಒಣ ಬೆಣೆಗೆ ತಿಕ್ಕಿ, ಎಣ್ಣೆ ಕಾಣದ ಗಾಡಿಯ ಅಚ್ಚಿನ ಹಾಗೆ ಅಳತೊಡಗಿತು. ಒಂದೊಂದು ಕಲ್ಲಿಗೂ ಅದರ ಅಳು ಏರುತ್ತಾ ಹೋಯಿತು. ಮೂವತ್ತಕ್ಕೆ ಮಲಗಿತು. ಮಲಗುವ ಹೊತ್ತಿಗೆ ಊರ ಮಂದಿಯೆಲ್ಲ ದೂರ ಸರಿದು ನಿಂತಿದ್ದರು, ಒಬ್ಬರಿಗೂ ಗಾಯವಿಲ್ಲ. ಜಾಲಿ ನಲವತ್ತು ಹೊತ್ತಿತು, ತುಟಿಪಿಟಕ್ಕೆನ್ನಲಿಲ್ಲ. ನಲವತ್ತೊಂದನೆಯ ಕಲ್ಲು ಇಡುವಾಗ ಪಟಾರ್ ಅಂತ ಸೀಳಿತು. ದೊರೆಯ ಕುರ್ಚಿ ಒಂದು ಕಡೆ, ದೊರೆಯ ಟೊಪ್ಪಿಗೆ ಇನ್ನೊಂದು ಕಡೆ ಹಾರಿ ಬಿದ್ದವು ಅಂತಾರೆ.

ಮೌಲಪ್ಪ ಟೊಪ್ಪಿಗೆ ಎತ್ತಿ ಧೂಳು ಹೊಡೆದು ಕೊಟ್ಟ. "ಹೆಚ್ಚು ಹೊತ್ತದ್ದು ಜಾಲಿರಿ, ನಿಮ್ಮ ಪುಸ್ತಕ ಖರೇನ. ಆದರ ಹೇಳಿ ಬಿದ್ದದ್ದು ಬೇವು. ಬೀಳೂ ಮೊದಲ ಹೇಳೂ ಕಂಬ ಬೇಕ್ರಿ ನಮಗ."

ಅಂದಿನಿಂದ ಹೊನ್ನಗುಂಡಿಯ ಗಣಿಯಲ್ಲಿ ನಾಲ್ಕು ಜಾಲಿಗೆ ಒಂದು ಬೇವು. ಬೇವಿನ ತಲೆಗೆ ಒಣ ಬೆಣೆ, ಬೆಣೆಗೆ ಒಂದು ಹಿಡಿ ಬೂದಿ. ಎಣ್ಣೆ ಮುಟ್ಟಿಸುವಂತಿಲ್ಲ. ಜೀವಮಾನವೆಲ್ಲ ಗಾಡಿ ಅಳಬಾರದು ಅಂತ ಎಣ್ಣೆ ಬಿಟ್ಟ ಮನುಷ್ಯ, ಕಂಬ ಅಳಲಿ ಅಂತ ಬೂದಿ ಹಾಕಿದ. ಕಂಬ ಅತ್ತರೆ ಮಂದಿ ಕೆಲಸ ಬಿಟ್ಟು ಕೇಜಿನ ಹತ್ತಿರ ಬರಬೇಕು, ಮೌಲಪ್ಪ ಬಂದು ಕಿವಿ ಇಟ್ಟು ಕೇಳಬೇಕು, ಅವನು ಹೂಂ ಅಂದರೆ ಮಾತ್ರ ಮತ್ತೆ ಒಳಗೆ ಹೋಗಬೇಕು. ಅದು ನಮ್ಮ ಗಣಿಯ ಕಟ್ಟು.

ಈಗ ದುರುಗಪ್ಪನ ಮಾತಿಗೆ ಬರುತ್ತೇನೆ. ದುರುಗಪ್ಪ ಅಂದರೆ ಮೌಲಪ್ಪನ ಹೆಂಡತಿ ಹುಲಿಗೆಮ್ಮನ ಖಾಸಾ ತಮ್ಮ, ಅಕ್ಕನ ಗಂಡನನ್ನು ಮಾವ ಅನ್ನುತ್ತಿದ್ದ, ಏಳನೇ ಮಟ್ಟದ ಮೇಸ್ತ್ರಿ. ಗಣಿಗೆ ಬರುವ ಮೊದಲು ಗಾಡಿ ಹೊಡೆಯುತ್ತಿದ್ದವನು. ಕಾಡಿನಿಂದ ಗಣಿಗೆ ಮರ ತಂದು ಹಾಕಿದ್ದೇ ಅವನು. ಆಳು ಗಟ್ಟಿ, ಮನಸ್ಸು ಬೆಣ್ಣೆ, ತಲೆ ಬೋಳು. ಒಂದು ಕೂದಲೂ ಇರಲಿಲ್ಲ, ಕೇಜಿನಲ್ಲಿ ಇಳಿಯುವಾಗ ದೀಪದ ಬೆಳಕಿನಲ್ಲಿ ಅವನ ತಲೆಯಲ್ಲೇ ಮುಖ ನೋಡಿಕೊಂಡು ಮಂದಿ ರುಮಾಲು ಸುತ್ತಿಕೊಳ್ಳುತ್ತಿದ್ದರು ಅಂತಾರೆ.

ಆ ವರ್ಷ ಅಲಾಯಿ ಹಬ್ಬಕ್ಕೆ, ಅಂದರೆ ಮೊಹರಮ್ಮಿಗೆ, ಪೀರಲ ದೇವರನ್ನು ಹೊರುವ ಹರಕೆ ದುರುಗಪ್ಪನದು. ಆ ದೇವರನ್ನು ಹೊತ್ತು ಬೆಂಕಿಯ ಕುಣಿ ಸುತ್ತುವವನು ಐದು ದಿನ ಗಣಿಗೆ ಇಳಿಯುವಂತಿಲ್ಲ. ದೊರೆ ಅಂದಿದ್ದ: ಏಳನೇ ಮಟ್ಟದ ಒಳತುದಿ ಮುಗಿಸಿದರೆ ಇಡೀ ತಂಡಕ್ಕೆ ರಜೆ, ಮುಗಿಸದಿದ್ದರೆ ಯಾರಿಗೂ ಇಲ್ಲ. ತಂಡ ಅಂದರೆ ಹದಿನಾಲ್ಕು ಮಂದಿ. ಪಕ್ಕದ ಊರಿನವರು ಒಂಬತ್ತು ಅಂತಾರೆ. ಪಕ್ಕದ ಊರಿನವರು ಅಲ್ಲಿ ಇರಲಿಲ್ಲ. ನಮ್ಮ ಮುತ್ತಜ್ಜ ಇದ್ದ. ಹದಿನಾಲ್ಕೇ.

ಅದೇ ಹೊತ್ತಿಗೆ ಒಳತುದಿಯ ಬೇವಿನ ಕಂಬ ಅಳುವುದಕ್ಕೆ ಹಿಡಿಯಿತು. ಬೆಳಿಗ್ಗೆ ಅತ್ತಿತು, ಮಂದಿ ಓಡಿ ಬಂದರು. ಮೌಲಪ್ಪ ಕೇಳಿ, ಇನ್ನೂ ತಾಳತೈತಿ ಅಂದ, ಪಕ್ಕಕ್ಕೆ ಇನ್ನೆರಡು ಜಾಲಿ ಬಡಿಸಿದ. ಮಧ್ಯಾಹ್ನ ಮತ್ತೆ ಅತ್ತಿತು, ಮತ್ತೆ ಓಡಿ ಬಂದರು. ಮರುದಿನ ಮೂರು ಸಲ. ಕೆಲಸ ಸಾಗದು. ಹಬ್ಬ ಮಾತ್ರ ಹತ್ತಿರ ಬರುತ್ತಿದೆ. ತಂಡದವರು ದುರುಗಪ್ಪನನ್ನು ಕಾಡತೊಡಗಿದರು. "ಏನ್ ಮೇಸ್ತ್ರಿ, ನಿಮ್ಮ ಮಾವನ ಕಂಬಕ್ಕ ಗಂಡ ಸತ್ತಾನೇನು?" ಅಂತ ಒಬ್ಬ. "ದೇವರು ಹೊರೂದು ಬಿಡ್ರಿ, ಈ ಸಲ ಕಂಬಾನ ಹೊತ್ಕೊಂಡು ಕುಣೀರಿ" ಅಂತ ಇನ್ನೊಬ್ಬ. ಈ ಎರಡನೆಯ ಮಾತು ನಮ್ಮ ಮುತ್ತಜ್ಜನದು ಅಂತ ನಮ್ಮ ಮನೆಯಲ್ಲಿ ಒಪ್ಪಿಕೊಳ್ಳುತ್ತೇವೆ.

ದುರುಗಪ್ಪ ಏನು ಮಾಡಿದ? ಗಾಡಿ ಹೊಡೆಯುವವನು ಏನು ಮಾಡುತ್ತಾನೋ ಅದನ್ನೇ ಮಾಡಿದ. ಅಳುವ ಅಚ್ಚಿಗೆ ಎಣ್ಣೆ ಬಿಟ್ಟು ರೂಢಿಯಾದ ಕೈ ಅದು. ಬೆಣೆಯ ಸಂದಿಗೆ ಕುಸುಬಿ ಎಣ್ಣೆ ಬಿಟ್ಟ. ಕಂಬ ಸುಮ್ಮನಾಯಿತು. ತಂಡ ಕೇಕೆ ಹಾಕಿ ಕೆಲಸಕ್ಕೆ ಬಿದ್ದಿತು. ಗುಡ್ಡವೇನೂ ಸುಮ್ಮನಾಗಿರಲಿಲ್ಲ, ಅದು ಯಾರಿಗೂ ಹೊಳೆಯಲಿಲ್ಲ.

ಒಂದು ದಿನ ಸದ್ದಿಲ್ಲ. ಎರಡು ದಿನ ಸದ್ದಿಲ್ಲ. ದೊರೆಗೆ ಖುಷಿ, ತಂಡಕ್ಕೆ ಖುಷಿ. ಮೌಲಪ್ಪನಿಗೆ ಮಾತ್ರ ಅನ್ನ ಸೇರದು. ಅಂಥ ಭಾರ ಇದ್ದಕ್ಕಿದ್ದಂತೆ ಎಲ್ಲಿ ಹೋಯಿತು? ಕೆಳಗೆ ಹೋಗಿ ಕಿವಿ ಇಟ್ಟ, ಏನೂ ಇಲ್ಲ. ಕಾರ್ಬೈಡ್ ದೀಪದ ಹೊಗೆಯಲ್ಲಿ, ಅವನಿಗೆ ಬಂದ ನೆಗಡಿಯಲ್ಲಿ, ಎಣ್ಣೆಯ ವಾಸನೆ ತಿಳಿಯಲೇ ಇಲ್ಲ. ಆಗ ಅವನಿಗೆ ಬಂದ ಭಯ ಗುಡ್ಡದ ಭಯ ಅಲ್ಲ, ತನ್ನ ಭಯ. ಕಂಬ ಅಳುತ್ತಿದೆ, ನನಗೇ ಕೇಳುತ್ತಿಲ್ಲ, ನನ್ನ ಕಿವಿ ಹೋಗಿದೆ. ಹದಿನಾಲ್ಕು ಮಂದಿ ನನ್ನ ಕಿವಿ ನಂಬಿ ಇಳಿಯುತ್ತಾರೆ, ಆ ಕಿವಿಯೇ ಹೋಗಿದೆ. ಹಾಗಂತ ಅಂದುಕೊಂಡು ಎರಡು ದಿನ ಹೆಂಡತಿಗೂ ಹೇಳದೆ ಕೊರಗಿದ ಅಂತಾರೆ.

ಮೂರನೆಯ ದಿನ ಬೆಳಿಗ್ಗೆ ತಡೆಯಲಾಗಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಬೆನ್ನು ಮಾಡಿ ಕೂತು, "ಏ ಇವಳೇ, ಒಂದು ಸೂಜಿ ಕೆಳಗ ಹಾಕು" ಅಂದ.

"ಸೂಜಿ ಯಾಕ?"

"ಹಾಕಂದ್ರ ಹಾಕು."

ಹುಲಿಗೆಮ್ಮ ಹಾಕಿದಳು. "ಒಲಿ ಹತ್ರ ಬಿತ್ತು, ಎಡಕ್ಕ ಹೊಳ್ಳೇತಿ" ಅಂದ ಮೌಲಪ್ಪ. ಇನ್ನೊಮ್ಮೆ ಹಾಕಿದಳು. "ನಿನ್ನ ಸೆರಗಿಗೆ ಸಿಕ್ಕೈತಿ, ನೆಲಕ್ಕ ಬಿದ್ದಿಲ್ಲ" ಅಂದ. ಕಿವಿ ಸರಿಯಿತ್ತು. ಸೂಜಿ ಬೀಳುವುದಷ್ಟೇ ಅಲ್ಲ, ಬೀಳದಿರುವುದೂ ಕೇಳುವ ಕಿವಿ. ಹಾಗಾದರೆ ಕಂಬಕ್ಕೇನಾಯಿತು?

ಸೂಜಿ ಹುಡುಕುತ್ತಾ ಹುಲಿಗೆಮ್ಮ ಗೊಣಗಿದಳು. "ಸೂಜಿ ಎಣಿಸಿಕೋತ ಕೂಡ್ರು. ಮನ್ಯಾಗ ಒಗ್ಗರಣಿಗೆ ಎಣ್ಣಿ ಇಲ್ಲ. ಇದ್ದ ಗಿಂಡಿ ಎಣ್ಣಿ ನನ್ನ ತಮ್ಮ ಒಯ್ದ, ತಲಿಗೆ ಹಚ್ಚಿಕೊಳ್ತೀನಿ ಅಂತ."

ಮೌಲಪ್ಪ ತಿರುಗಿ ನೋಡಿದ. "ಯಾವ ತಲಿಗೆ?"

ಹುಲಿಗೆಮ್ಮನ ಕೈಯಿಂದ ಸೂಜಿ ಮತ್ತೆ ಬಿದ್ದಿತು. ಆ ಸದ್ದು ಕೇಳುವುದಕ್ಕೆ ಮೌಲಪ್ಪ ಅಲ್ಲಿರಲಿಲ್ಲ. ಚಪ್ಪಲಿ ಬಿಟ್ಟು ಓಡಿದ್ದ. ಮನೆಯಿಂದ ಗಣಿಯ ಬಾಯಿಗೆ ಆರು ಹೆಜ್ಜೆಯಲ್ಲಿ ಹೋದ ಅಂತಾರೆ. ಅದು ಸ್ವಲ್ಪ ಹೆಚ್ಚಾಯಿತು ಅಂತ ನಾನೂ ಒಪ್ಪುತ್ತೇನೆ. ಹತ್ತಾದರೂ ಆಗಿರಬೇಕು.

ಏಳನೇ ಮಟ್ಟಕ್ಕೆ ಇಳಿದ. ಒಳತುದಿಗೆ ಹೋದ. ಕಂಬದ ಬುಡದಲ್ಲಿ ನಿಂತು, ಸೀನಿ ಮೂಗು ಹಗುರ ಮಾಡಿಕೊಂಡು ವಾಸನೆ ಎಳೆದ.

"ಯಾವನಲೇ ಇಲ್ಲಿ ಒಗ್ಗರಣಿ ಹಾಕಿದವನು?"

ಹದಿನಾಲ್ಕು ಮಂದಿಯ ಹಾರೆ ನಿಂತವು. ಮೌಲಪ್ಪ ತಲೆಯ ರುಮಾಲು ಬಿಚ್ಚಿದ. ಕಂಬದ ತಲೆ, ಬೆಣೆ, ಸಂದಿ ಎಲ್ಲ ತಿಕ್ಕಿ ಒರೆಸಿದ. ನೆಲದ ಕಲ್ಲಿನ ಪುಡಿ ಹಿಡಿಹಿಡಿಯಾಗಿ ಎತ್ತಿ ಸಂದಿಗೆ ತುಂಬಿದ. ಮೂರನೆಯ ಹಿಡಿ ತುಂಬುತ್ತಿದ್ದಂತೆ ಕಂಬ ಅತ್ತಿತು. ಮೂರು ದಿನದ ಅಳು ಒಟ್ಟಿಗೆ ಅತ್ತಿತು. ಮೇಲೆ ಊರಿನಲ್ಲಿ ಕರುಗಳು ಹಗ್ಗ ಹರಿದುಕೊಂಡವು, ಚಿಮಣಿಯ ಮೇಲಿನ ಹದ್ದು ಗೂಡು ಬಿಟ್ಟು ಹಾರಿತು ಅಂತಾರೆ.

"ಓಡ್ರಲೇ!"

ಓಡಿದರು. ನಮ್ಮ ಮುತ್ತಜ್ಜ ಮೂರನೆಯವನಾಗಿ ಕೇಜು ಮುಟ್ಟಿದ. ಅವನು ಓಡದಿದ್ದರೆ ಇದನ್ನು ಬರೆಯುವವನು ಇರುತ್ತಿರಲಿಲ್ಲ, ಆದ್ದರಿಂದ ಮೂರನೆಯವನು ಅಂತ ಹೇಳಲು ನನಗೆ ನಾಚಿಕೆಯಿಲ್ಲ. ದುರುಗಪ್ಪ ಮಾತ್ರ ಓಡಲಿಲ್ಲ. ಎಲ್ಲರಿಗಿಂತ ಒಳಗಿದ್ದ, ಕಾಲು ಕಿತ್ತಿಡಲಾಗದೆ ಮಾವನ ಮುಖ ನೋಡುತ್ತಾ ನಿಂತಿದ್ದ. "ಮಾವ, ನಾನ ಹಾಕಿದ್ದು" ಅಂದನಂತೆ. "ಮೇಲೆ ಹೋಗಿ ಹೇಳುವಂತಿ, ನಡಿ" ಅಂದನಂತೆ ಮೌಲಪ್ಪ. ಆದರೂ ಅವನು ಅಲುಗಲಿಲ್ಲ. ಮೌಲಪ್ಪ ಅವನ ಬೋಳು ತಲೆಗೆ ಫಟ್ಟಂತ ಒಂದು ಬಾರಿಸಿ, ರಟ್ಟೆ ಹಿಡಿದು ಮುಂದಕ್ಕೆ ದಬ್ಬಿದ. ದುರುಗಪ್ಪ ಮುಗ್ಗರಿಸುತ್ತಾ ಓಡಿ ದಾಟಿದ. ಅವನ ಹಿಂದಿನ ಕಾಲು ಈಚೆ ಬಿದ್ದದ್ದೇ, ಬಂಡೆ ಇಳಿಯಿತು. ಮೌಲಪ್ಪ ಈಚೆಗೆ ಬರಲಿಲ್ಲ.

ಧೂಳು ಕೂರುವ ಮೊದಲೇ ದುರುಗಪ್ಪ ಕಲ್ಲಿಗೆ ಕೈ ಹಾಕಿದ್ದ. ತಂಡದ ಒಬ್ಬನೂ ಮೇಲೆ ಹೋಗಲಿಲ್ಲ, ತಿರುಗಿ ಬಂದರು. ಎಲ್ಲಿ ಅಗೆಯುವುದು? ಮುಂದೆ ಬರೀ ಕಲ್ಲಿನ ಗೋಡೆ. ಎಲ್ಲೆಂದರಲ್ಲಿ ಅಗೆದರೆ ಮತ್ತೆ ಇಳಿಯುತ್ತದೆ. ಆಗ ಕಲ್ಲಿನೊಳಗಿಂದ ಸಣ್ಣಗೆ ಕೇಳಿತು. ಕಿರ್ರ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಕಿರ್ರ್. ಬೇವು ಸತ್ತಿರಲಿಲ್ಲ. ಬಾಗಿ, ಸೀಳಿ, ಒಂದು ಹೆಬ್ಬಂಡೆಯನ್ನು ಭುಜಕ್ಕೆ ಕೊಟ್ಟುಕೊಂಡು ಅಳುತ್ತಿತ್ತು. ಆ ಅಳು ಎಲ್ಲಿಂದ ಬರುತ್ತದೋ ಅತ್ತ ಅಗೆದರು. ಅಳು ಜೋರಾದರೆ ಕೈ ನಿಲ್ಲಿಸಿದರು, ಸಣ್ಣದಾದರೆ ಕಲ್ಲು ತೆಗೆದರು. ಹೊನ್ನಗುಂಡಿಯ ಮಂದಿ ಕಂಬದ ಮಾತು ಕೇಳಲು ನಿಜವಾಗಿ ಕಲಿತದ್ದು ಆ ದಿನ ಅಂತಾರೆ.

ಮರುದಿನ ಮಧ್ಯಾಹ್ನ ಕೈ ತೂರುವಷ್ಟು ಸಂದಿಯಾಯಿತು. ದುರುಗಪ್ಪನ ಹತ್ತೂ ಬೆರಳಲ್ಲಿ ಉಗುರಿರಲಿಲ್ಲ. ದೀಪ ಹಿಡಿದು ನೋಡಿದರೆ, ಬಾಗಿದ ಬೇವಿನ ಕೆಳಗೆ ಗೂಡಿನಷ್ಟು ಜಾಗ. ಅದರೊಳಗೆ ಮೌಲಪ್ಪ ಕಂಬಕ್ಕೆ ಕೆನ್ನೆ ಒತ್ತಿ ಕೂತಿದ್ದ, ಮೈಯೆಲ್ಲ ಬಿಳೀ ಧೂಳು, ಸುಣ್ಣ ಬಳಿದ ದೇವರ ಹಾಗೆ.

"ದುರುಗಾ, ಅಲಾಯಿ ಕುಣಿತ ಮುಗೀತೇನಲೇ?"

ದುರುಗಪ್ಪ ಅಲ್ಲೇ ಕುಸಿದು ಗೊಳೋ ಅಂತ ಅತ್ತ. ಮೌಲಪ್ಪನಿಗೆ ಅವನ ಬಾಯಿ ಕಂಡಿತು, ಸದ್ದು ಕೇಳಲಿಲ್ಲ. ಬಂಡೆ ಇಳಿದ ಆರ್ಭಟಕ್ಕೆ ಆ ಕಿವಿಗಳು ಹೋಗಿದ್ದವು. ಆದರೂ ಅಂದನಂತೆ, "ನೀ ಅಳಬ್ಯಾಡೋ ತಮ್ಮಾ. ಕಂಬ ಅಳಾಕತ್ತೈತಿ, ಸಾಕು."

ಮುಂದೆ ಮೌಲಪ್ಪ ಬಹಳ ವರ್ಷ ಬದುಕಿದ. ಕಿವಿ ಹೋದವನು ಕಂಬ ಕೇಳುವುದು ಹೇಗೆ ಅಂತ ದೊರೆ ಬೇರೆಯವನನ್ನು ಹುಡುಕುತ್ತಿದ್ದರೆ, ಮೌಲಪ್ಪ ಕಂಬಕ್ಕೆ ಹಲ್ಲು ಕಚ್ಚಿ ನಿಂತು ಕೇಳತೊಡಗಿದ. ಹಲ್ಲಿನಿಂದ ತಲೆಬುರುಡೆಗೆ ನಡುಕ ಏರುತ್ತದೆ, ಕಿವಿಗಿಂತ ಅದೇ ವಾಸಿ ಅಂದನಂತೆ. ಹಲ್ಲು ಬಿದ್ದ ಮೇಲೆ? ದುರುಗಪ್ಪ ಕಚ್ಚುತ್ತಿದ್ದ, ಮೌಲಪ್ಪ ಅವನ ಬೋಳು ತಲೆಯ ಮೇಲೆ ಕೈ ಇಟ್ಟು ತಿಳಿದುಕೊಳ್ಳುತ್ತಿದ್ದ ಅಂತಾರೆ. ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ನಂಬುತ್ತೇನೆ.

ದೊರೆಗಳು ಹೋದರು. ಮೌಲಪ್ಪನೂ ಹೋದ, ದುರುಗಪ್ಪನೂ ಹೋದ. ಬಂಗಾರ ಸಣ್ಣಗಾಯಿತು, ಕೆಳಗಿನ ಮಟ್ಟಗಳಲ್ಲಿ ನೀರು ನಿಂತಿತು, ಒಂದು ದಿನ ಚಿಮಣಿಯ ಹೊಗೆಯೂ ನಿಂತಿತು. ಕೆಂಪು ಹಂಚಿನ ಗಣಿ ಆಫೀಸನ್ನು ಮ್ಯೂಸಿಯಂ ಮಾಡಿದರು. ಈಗ ಅಲ್ಲಿ ಕೇಜು ಇದೆ, ಹಿತ್ತಾಳೆಯ ದೀಪಗಳಿವೆ, ಹೆಸರಿಲ್ಲದ ಹಿರಿಯರ ಉಳಿಗಳಿವೆ, ದೊರೆಯ ಟೊಪ್ಪಿಗೆ ಇದೆ. ನಟ್ಟನಡುವೆ ಬಾಗಿದ ಬೇವಿನ ಕಂಬ ಇದೆ. ಅದನ್ನು ಮ್ಯೂಸಿಯಂನ ಮೊದಲಿನ ಸಾಹೇಬರು ಸೌದೆ ಅಂದುಕೊಂಡು ಹಿತ್ತಲಿಗೆ ಹಾಕಿಸಿದ್ದರು, ಊರೇ ಹೋಗಿ ಹೊತ್ತು ತಂದು ನಿಲ್ಲಿಸಿತು. ಕಂಬದ ಮೇಲೆ ಒಂದಷ್ಟು ಗುರುತುಗಳಿವೆ. ಪಕ್ಕದ ಫಲಕದಲ್ಲಿ ಇಲಿ ಕಡಿದ ಗುರುತು ಅಂತ ಬರೆದಿದ್ದಾರೆ. ಬರೆಯಲಿ. ಹೊನ್ನಗುಂಡಿಯವರು ಒಳಗೆ ಹೋದರೆ ಟೊಪ್ಪಿಗೆ ನೋಡುವುದಿಲ್ಲ, ಕೇಜು ನೋಡುವುದಿಲ್ಲ. ಮೊದಲು ಆ ಕಂಬಕ್ಕೆ ಕಿವಿ ಹಚ್ಚುತ್ತಾರೆ.

ಇನ್ನೊಂದು, ನಮ್ಮೂರಿನ ಯಾವ ಬಾಗಿಲಿಗೂ ಎಣ್ಣೆ ಬಿಡುವುದಿಲ್ಲ. ನೀವು ಬಂದರೆ ಕೇಳಿಸಿಕೊಳ್ಳಿ, ಬೆಳಗಾದರೆ ಇಡೀ ಊರು ಕಿರ್ರ್ ಅನ್ನುತ್ತದೆ. ಹೊಸದಾಗಿ ಬಂದ ಸೊಸೆಯರು ಮೊದಮೊದಲು ಬೈದುಕೊಳ್ಳುತ್ತಾರೆ, ವರ್ಷ ಕಳೆದರೆ ತವರಿನ ಬಾಗಿಲು ಮೂಗ ಅಂತ ಅಲ್ಲಿ ಹೋಗಿ ಹೇಳಿ ಬರುತ್ತಾರೆ.

ಹೋದ ವರ್ಷ ಮ್ಯೂಸಿಯಂಗೆ ಹೊಸ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಸಪ್ಪಳ ಮಾತ್ರ ಅವರಿಗೆ ಆಗದು. ಮುಂಬಾಗಿಲು ಅಳುತ್ತಿದೆ ಅಂತ ತಾವೇ ಎಣ್ಣೆ ತಂದು ಬಿಟ್ಟರು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಬಾಗಿಲಲ್ಲಿ ಒಬ್ಬ ಮುದುಕಿ ಕೂತಿದ್ದಾಳೆ. ಒಂದು ಚರಿಗೆ ಬಿಸಿನೀರು, ಒಂದು ಮುಷ್ಟಿ ಸೀಗೆಪುಡಿ, ಒಂದು ಮರಿಗೆ ಒಲೆಯ ಬೂದಿ. ತೆಂಗಿನ ನಾರು ಹಿಡಿದು ಬಾಗಿಲ ತಿರುಗಣಿಯನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತಿದ್ದಾಳೆ. ಹುಸೇನಮ್ಮ, ದುರುಗಪ್ಪನ ಮೊಮ್ಮಗಳು.

"ಯಾಕಮ್ಮಾ, ಏನು ಮಾಡ್ತಾ ಇದ್ದೀರಿ?" ಅಂತ ಸಾಹೇಬರು ಕೇಳಿದರು.

"ಎಣ್ಣಿ ತೆಗ್ಯಾಕತ್ತೀನ್ರಿ."

"ಬಾಗಿಲು ಸದ್ದು ಮಾಡ್ತಿತ್ತು, ಅದಕ್ಕೆ ನಾನೇ ಹಾಕಿದ್ದು."

ಹುಸೇನಮ್ಮ ತಲೆ ಎತ್ತಿ ಅವರನ್ನು ನೋಡಿದಳು. ಸಿಟ್ಟಿನಿಂದ ಅಲ್ಲ, ಮನೆಯ ಮಗನನ್ನು ನೋಡುವ ಹಾಗೆ. "ನಮ್ಮ ಅಜ್ಜನೂ ಹಂಗ ತಿಳಕೊಂಡಿದ್ದರಿ" ಅಂದಳು. ಬೂದಿ ತುಂಬಿದಳು, ಕೈ ಒರೆಸಿಕೊಂಡಳು, ಬಾಗಿಲನ್ನು ಒಮ್ಮೆ ದಬ್ಬಿದಳು. ಸದ್ದಿಲ್ಲ. ಮತ್ತೆ ಕೂತು ತಿಕ್ಕಿದಳು, ಮತ್ತೆ ಬೂದಿ ಹಾಕಿದಳು. ಅಷ್ಟರಲ್ಲಿ ಸಾಹೇಬರೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಚರಿಗೆಯಿಂದ ನೀರು ಹಾಕುತ್ತಿದ್ದರು. ಇನ್ನೊಮ್ಮೆ ದಬ್ಬಿದಳು.

ಕಿರ್ರ್.

"ಹಾಂ," ಅಂದಳು ಹುಸೇನಮ್ಮ. "ಈಗ ಒಳಗ ಬರ್ರಿ."